ಮನೆ ಕೊಳ್ಳುವ ಮುಂಚೆ ಮಜ್ಜಿಗೆ ಕೇಳಿ

ಹೋದ ತಿಂಗಳು ಒಂದು ಭಾನುವಾರ ಸಂಜೆ ಹೊಸೂರಿನ ಒಂದು ಓಣಿಯಲ್ಲಿ ನನ್ನ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಚಪ್ಪಲಿಯ ಅಟ್ಟೆ ದಾಟಿ ಹಿಮ್ಮಡಿಗೆ ಇಳಿದಿತ್ತು. ಒಂಟಿ ಕಾಲಿನಲ್ಲಿ ನಿಂತು ಕಿತ್ತೆ. ಸುತ್ತ ನೋಡಿದೆ. ಎರಡೂ ಕಡೆ ಗೋಡೆ, ಕಾಲಡಿಯಲ್ಲಿ ಆಗ ತಾನೇ ಗುಡಿಸಿದ ನೆಲ. ಹತ್ತಿರದಲ್ಲೆಲ್ಲೂ ಜಾಲಿ ಮರವಿಲ್ಲ.

ಮರವಿಲ್ಲದ ಕಡೆ ಮುಳ್ಳು ಎಲ್ಲಿಂದ ಬಂತು?

ಇದನ್ನು ಅಲ್ಲಿಯೇ ಕೇಳಬೇಕಿತ್ತು. ಕೇಳಲಿಲ್ಲ. ಇಪ್ಪತ್ತು ವರ್ಷದಿಂದ ಪತ್ರಿಕೆಯಲ್ಲಿ ಬೇರೆಯವರ ಬರಹದ ತಪ್ಪು ಹುಡುಕುವವನಿಗೆ ತನ್ನ ಹಿಮ್ಮಡಿಯಲ್ಲಿದ್ದ ಸುದ್ದಿ ಕಾಣಲಿಲ್ಲ.

ನಾವು ಹೋಗಿದ್ದು ಮನೆ ನೋಡಲು. ನಾವು ಅಂದರೆ ನಾನು ಮತ್ತು ನನ್ನ ಅಕ್ಕ ನಂಜಮ್ಮ. ಭಾವ ತೀರಿಕೊಂಡ ಮೇಲೆ ಅಕ್ಕ ಸೂಳಗಿರಿಯ ತನ್ನ ಪಾಲಿನ ಹೊಲವನ್ನು ಮೈದುನನಿಗೇ ಮಾರಿದಳು. ಆ ಹಣದಲ್ಲಿ ಹೊಸೂರಿನಲ್ಲೊಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಬಿಡಬೇಕು, ಆ ಬಾಡಿಗೆಯಲ್ಲಿ ಉಣ್ಣಬೇಕು ಎಂದು ಅವಳ ಆಸೆ. ಬೆಂಗಳೂರಿಗೆ ಬಂದು ನಮ್ಮ ಜೊತೆ ಇರು ಎಂದು ನಾನು ಹೇಳದೆ ಇರಲಿಲ್ಲ.

"ಬತ್ತೀನಿ, ನಾಕ್ ದಿನ ಇರ್ತೀನಿ. ಆಮ್ಯಾಕೆ? ನಿನ್ನೆಂಡ್ರು ಸೌಟು ಕುಕ್ಕಿ ಬಡಿಸೋವರ್ಗೂ ಕಾಯ್ಲಾ?" ಎಂದಳು.

ನನಗೆ ಒಂದು ಮಾತ್ರ ಗೊತ್ತಿತ್ತು. ಈ ಮನೆಯಲ್ಲಿ ಮೋಸ ಹೋದರೆ ಮಾರಲು ಅವಳ ಬಳಿ ಇನ್ನೊಂದು ಹೊಲವಿಲ್ಲ.

ಯುದ್ಧ ಶುರುವಾಗಿ ಬೆಂಗಳೂರಿನಲ್ಲಿ ಬಾಂಬಿನ ಮಾತು ಎದ್ದಾಗಿನಿಂದ ಜನ ಊರು ಬಿಟ್ಟು ಬರುತ್ತಿದ್ದಾರೆ, ಹೊಸೂರಿನಲ್ಲಿ ಬಾಡಿಗೆ ಮನೆಗಳಿಗೆ ಎಲ್ಲಿಲ್ಲದ ಬೇಡಿಕೆ. ಜೊತೆಗೆ ದಲ್ಲಾಳಿಗಳೂ ಹುಟ್ಟಿಕೊಂಡಿದ್ದಾರೆ. ನಮಗೆ ಸಿಕ್ಕ ಮುನಿಸ್ವಾಮಿ ಮೊನ್ನೆ ಮೊನ್ನೆಯವರೆಗೆ ಸಂತೆಯಲ್ಲಿ ಎತ್ತು ಮಾರಿಸುತ್ತಿದ್ದವನು. ಈಗ ಮನೆ ಮಾರಿಸುತ್ತಾನೆ. (ಟವೆಲಿನಡಿ ಬೆರಳು ಹಿಡಿದು ರೇಟು ಹೇಳುವ ಹಳೆಯ ಅಭ್ಯಾಸ ಹೋಗಿಲ್ಲ. ನನ್ನ ಬೆರಳನ್ನೂ ಎರಡು ಸಲ ಹಿಡಿದ.)

"ಪಟ್ಟಾ ಕ್ಲೀನು ಸ್ವಾಮಿ. ವಿಲ್ಲಂಗ ಒಂದೂ ಇಲ್ಲ" ಎಂದ. ಆಸ್ತಿಯ ಮೇಲೆ ಅಡಮಾನ, ತಕರಾರು ಏನಾದರೂ ಇದ್ದರೆ ಈ ಕಡೆ ತಮಿಳಿನಲ್ಲಿ ವಿಲ್ಲಂಗ ಎನ್ನುತ್ತಾರೆ. ನಾನು ಬಾಯಿಮಾತು ನಂಬುವವನಲ್ಲ. ರಿಜಿಸ್ಟ್ರಾರ್ ಆಫೀಸಿನಿಂದ ಸರ್ಟಿಫಿಕೇಟ್ ತೆಗೆಸಿದೆ. ಕ್ರಯಪತ್ರದ ನಕಲು ಮೂರು ಸಲ ಓದಿದೆ. ಹೆಸರು, ಅಳತೆ, ರುಜು, ಸಾಕ್ಷಿ ಎಲ್ಲ ಸರಿ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಅಕ್ಕ ಬಸ್ಸಿನಲ್ಲಿ (ಇದ್ದಿಲು ಗ್ಯಾಸಿನ ಬಸ್ಸು, ದಿಣ್ಣೆ ಬಂದರೆ ನಾವೇ ಇಳಿದು ತಳ್ಳಬೇಕು) ಒಂದೇ ಪ್ರಶ್ನೆ ಕೇಳಿದಳು. "ಎತ್ತಿಗಾದ್ರೆ ಹಲ್ಲು ನೋಡ್ತೀವಿ. ಮನೆಗೇನ್ಲಾ ನೋಡಾದು?"

"ಪತ್ರ" ಎಂದೆ. ಗತ್ತಿನಿಂದಲೇ ಹೇಳಿದೆ.

ಓಣಿಯ ತುದಿಯಲ್ಲಿ ಮನೆ. ಹೆಂಚಿನ ಮಾಡು, ಎರಡು ಕೋಣೆ, ಸಣ್ಣ ಜಗುಲಿ. ಮುಂದೆ ಬೀದಿಗೆ ಮುಖ ಮಾಡಿ ಇನ್ನೊಬ್ಬರ ಮನೆ, ಅದರ ಪಕ್ಕದ ಓಣಿಯಲ್ಲಿ ಬಂದರೆ ಹಿಂದೆ ಇದು. ಬಾಡಿಗೆದಾರರೂ ಇದ್ದರು! "ಮೂರೊರ್ಸದಿಂದ ಅವ್ರೇ ಅವ್ರೆ. ಒಂದ್ ತಿಂಗ್ಳೂ ತಪ್ಸಿಲ್ಲ. ನೀವು ಸೈನ್ ಹಾಕಿದ್ರೆ ಸಾಕು, ಮುಂದ್ಲ ತಿಂಗ್ಳಿಂದ ಬಾಡಿಗೆ ನಿಮ್ಗೆ" ಎಂದ ಮುನಿಸ್ವಾಮಿ.

ಬಾಡಿಗೆಗಿದ್ದ ಹೆಂಗಸು ಹೊರಗೆ ಬಂದಳು. ಮೂವತ್ತರ ಆಸುಪಾಸು. ಗಂಡ ಗಾಡಿ ಹೊಡೆಯಲು ಕೃಷ್ಣಗಿರಿಗೆ ಹೋಗಿದ್ದಾನಂತೆ. ನಾನು ಏನೂ ಕೇಳುವ ಮೊದಲೇ ಶುರು ಮಾಡಿದಳು. ಮಾಡು ಸೋರುವುದಿಲ್ಲ. ಬಾವಿ ಬತ್ತುವುದಿಲ್ಲ. ಇಂಥ ಗಾಳಿ ಎಲ್ಲೂ ಇಲ್ಲ. ಈ ಮನೆಗೆ ಬಂದ ಮೇಲೆ ತಲೆನೋವೇ ಬಂದಿಲ್ಲ.

ನಾನೂ ಹದಿನೆಂಟು ವರ್ಷದಿಂದ ಬಾಡಿಗೆದಾರ. ಮನೆ ನೋಡಲು ಹೊಸ ಮಾಲೀಕರು ಬಂದಾಗ ನಾನು ಮನೆಯನ್ನು ಹೊಗಳಿದ್ದುಂಟೆ? ಹೊಗಳಿದರೆ ಬಾಡಿಗೆ ಏರುತ್ತದೆ ಎಂಬ ಬುದ್ಧಿ ಯಾರಿಗಿಲ್ಲ? ಅನುಮಾನ ಬಂತು. ಆದರೆ ಅನುಮಾನಕ್ಕೆ ಆಧಾರ ಬೇಕಲ್ಲ. ಪತ್ರ ಸರಿಯಿದೆ, ಮನೆ ಎದುರಿಗಿದೆ, ಬಾಡಿಗೆದಾರಳು ನಿಂತು ಮಾತಾಡುತ್ತಿದ್ದಾಳೆ. ಅಡ್ವಾನ್ಸ್ ಕೊಡಲು ನನ್ನ ಕೈ ಜೇಬಿಗೆ ಹೋಯಿತು.

ಆಗ ಅಕ್ಕ ಜಗುಲಿಯಲ್ಲಿ ಕಾಲು ಚಾಚಿ ಕೂತು, "ಬಾಯಾರ್ತದೆ ಕಣವ್ವಾ, ಒಂಚೂರು ಮಜ್ಗೆ ಇದ್ರೆ ಕೊಡು" ಎಂದಳು.

ಮಜ್ಜಿಗೆ ಬಂತು. ಒಂದು ಗುಟುಕು ಕುಡಿದು, "ಉಪ್ಪು ಸಾಲ್ದು" ಎಂದಳು.

ಹೆಂಗಸು ಒಳಗೆ ಹೋದಳು. ಒಂದು ಮಡಕೆಯ ಮುಚ್ಚಳ ತೆಗೆದ ಸದ್ದು. ಮುಚ್ಚಿದ ಸದ್ದು. ಇನ್ನೊಂದು ತೆಗೆದಳು. ಮುಚ್ಚಿದಳು. ಡಬ್ಬಿಯೊಂದು ಕೆಳಗೆ ಬಿತ್ತು. ಅಕ್ಕ ಲೋಟ ಹಿಡಿದು ಸುಮ್ಮನೆ ಕಿವಿಗೊಟ್ಟಿದ್ದಳು.

ಜಗುಲಿಯ ಮೇಲಿದ್ದ ಮುನಿಸ್ವಾಮಿಗೆ ತಡೆಯಲಾಗಲಿಲ್ಲ. "ಒಲೆ ಮ್ಯಾಗ್ಳ ಗೂಡಲ್ಲೈತೆ ನೋಡಮ್ಮೀ!" ಎಂದು ಕೂಗಿದ.

ಮೂರು ವರ್ಷದಿಂದ ಅಡಿಗೆ ಮಾಡುತ್ತಿರುವವಳಿಗೆ ಗೊತ್ತಿಲ್ಲದ ಉಪ್ಪು ದಲ್ಲಾಳಿಗೆ ಗೊತ್ತಿತ್ತು.

ಅಕ್ಕ ಉಪ್ಪು ಹಾಕಿಸಿಕೊಂಡು ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು, "ಈಗ ರಾಹುಕಾಲ ಕಣಪ್ಪಾ. ಅಡ್ವಾನ್ಸು ಒಳ್ಳೆ ದಿನ ನೋಡಿ ಕೊಡ್ತೀವಿ" ಎಂದಳು. ಜೇಬಿನಲ್ಲಿದ್ದ ನನ್ನ ಕೈಯನ್ನು ಅವಳ ಕಣ್ಣೇ ಹೊರಗೆಳೆಯಿತು.

ಓಣಿ ದಾಟಿದ ಮೇಲೆ ಕೇಳಿದಳು. "ಬರ್ತಾ ಕುಂಟಿದ್ಯಲ್ಲ, ಏನ್ ಚುಚ್ತು?"

"ಜಾಲಿ ಮುಳ್ಳು."

"ಜಾಲಿ ಎಲ್ಲೈತ್ಲಾ ಇಲ್ಲಿ?"

ಮಂಗಳವಾರ ಬೆಳಿಗ್ಗೆ ದಲ್ಲಾಳಿಗೆ ಹೇಳದೆ ಇಬ್ಬರೂ ಮತ್ತೆ ಹೋದೆವು. ಓಣಿ ಇರಲಿಲ್ಲ. ಅಂದರೆ, ಓಣಿಯ ಬಾಯಿಗೆ ಆಳೆತ್ತರ ಜಾಲಿ ಮುಳ್ಳಿನ ಬೇಲಿ ಬಿಗಿದಿತ್ತು. ಮುಂದಿನ ಮನೆಯ ಮುದುಕರು ಜಗುಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದರು.

"ಇದು ದಾರಿ ಅಲ್ಲ, ನಮ್ಮ ಹಿತ್ಲು" ಎಂದರು. "ನಮ್ಮಪ್ಪ ಇರೋಗಂಟ ಬಾಯ್ಮಾತಲ್ಲಿ ಓಡಾಡ್ಕೊಂಡಿದ್ರು. ನಂಗೂ ಆ ಮನೆ ಯಜಮಾನ್ರಿಗೂ ಆಗ್ಬರಲ್ಲ, ಮುಚ್ಚಿದ್ದೀನಿ. ಆ ಮನೆಗೆ ಬಾಡಿಗೆಗೆ ಬಂದೋರು ಒಂದ್ ತಿಂಗ್ಳು ನಿಂತಿಲ್ಲ. ಹಾರ್ಕೊಂಡ್ ಹೋಯ್ತಾರಾ?"

"ಭಾನುವಾರ ತೆಗೆದಿತ್ತಲ್ಲ ಯಜಮಾನ್ರೇ?"

"ಮುನಿಸ್ವಾಮಿ ಬಂದು, ಪಾತ್ರೆ ಸಾಗಿಸ್ಬೇಕು, ಎರಡ್ ದಿನ ಬಿಡಿ ಅಂದ. ಬಿಟ್ಟೆ. ಆ ಮನೇಲಿ ಕಂಡ್ಲಲ್ಲ, ಆಯಮ್ಮ ಅವನ ನಾದಿನಿ, ಡೆಂಕಣಿಕೋಟೆಯೋಳು. ನಿನ್ನೆ ಬಸ್ಸಿಗೆ ಹೋಗ್ಬುಟ್ಳು. ಪಾತ್ರೆನೂ ಹೋದ್ವು."

ಅಲ್ಲೇ ನಿಂತು ಪತ್ರದ ನಕಲು ಬಿಚ್ಚಿದೆ. ಚೆಕ್ಕುಬಂದಿ ನೋಡಿದೆ. ಮನೆಯ ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆಯುವ ಜಾಗ ಅದು. ಪೂರ್ವಕ್ಕೆ ಒಬ್ಬರ ಮನೆ. ಪಶ್ಚಿಮಕ್ಕೆ ಇನ್ನೊಬ್ಬರ ಗೋಡೆ. ದಕ್ಷಿಣಕ್ಕೆ ಮತ್ತೊಬ್ಬರ ತೋಟ. ಉತ್ತರಕ್ಕೆ ಈ ಮುದುಕರ ಹಿತ್ತಲು. ಓಣಿ ಎಂಬ ಪದವೇ ಇಲ್ಲ. ಮೂರು ಸಲ ಓದಿದ್ದೆ. ಇದ್ದ ಪದಗಳನ್ನೆಲ್ಲ ಪರೀಕ್ಷೆ ಮಾಡಿದ್ದೆ. ಇಲ್ಲದ ಪದವನ್ನು ಹುಡುಕಿರಲಿಲ್ಲ.

ಸಂತೆ ಬೀದಿಯಲ್ಲಿ ಮುನಿಸ್ವಾಮಿ ಸಿಕ್ಕ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಮನೆ ಐತೆ ಅಂದೆ ಸ್ವಾಮಿ. ದಾರಿ ಐತೆ ಅಂದ್ನಾ? ಪತ್ರ ನೀವೇ ಓದೀರಿ, ದೊಡ್ಡೋರು."

ನಾನು ಪತ್ರದ ನಕಲನ್ನು ಮಡಚಿ ಜೇಬಿಗಿಟ್ಟೆ. ಅಕ್ಕ ಬಿಡಲಿಲ್ಲ. "ಕುಂಟೆತ್ತು ಮಾರ್ದಾಗ ಕಾಲೈತೆ ಅಂತ ಹೇಳಿಲ್ಲ ಅಂತಿದ್ಯೇನಪ್ಪಾ? ಸಂತೇಲಿ ನಿನ್ನ ಸುಮ್ನೆ ಬಿಡ್ತಿದ್ರಾ?"

ಅವನು ಟವೆಲು ಕೊಡವಿಕೊಂಡು ಹೊರಟ.

ದಲ್ಲಾಳಿಗಳೆಲ್ಲ ಮುನಿಸ್ವಾಮಿಗಳು ಎಂದು ನಾನು ಬರೆಯುತ್ತಿಲ್ಲ. ಆ ಕಸುಬಿನವರೂ ಈ ಅಂಕಣ ಓದುತ್ತಾರೆ. ಅವರಿಗೆ ಒಂದು ಮಾತು: ಮನೆಯ ಕೊರತೆಯನ್ನು ನೀವೇ ಮೊದಲು ಹೇಳಿಬಿಡಿ. ದಾರಿಯಿಲ್ಲದ ಮನೆಗೂ ಗಿರಾಕಿ ಇರುತ್ತಾನೆ, ಆ ಮುದುಕರೇ ಕೊಳ್ಳಬಹುದಿತ್ತು. ಕೊಳ್ಳುವವರಿಗೆ ಎರಡು ಮಾತು. ದಲ್ಲಾಳಿಯ ಜೊತೆ ಒಂದು ಸಲ ಹೋಗಿ, ಅವನಿಲ್ಲದೆ ಬೇರೆ ದಿನ ಇನ್ನೊಂದು ಸಲ ಹೋಗಿ. ಪತ್ರದಲ್ಲಿ ಮನೆ ಹುಡುಕುವ ಮುಂಚೆ ಬೀದಿ ಹುಡುಕಿ.

ಮೂರನೆಯದು ಅಕ್ಕನದು. ಹೋದ ವಾರ ಅವಳು ಬೇರೊಂದು ಮನೆ ನೋಡಿದಳು. ಈ ಸಲ ನಾನು ಕೊಡೆ ಹಿಡಿಯಲು ಮಾತ್ರ ಹೋಗಿದ್ದೆ. ಮನೆ ಬೀದಿಗೇ ಇದೆ, ಪತ್ರದಲ್ಲೂ ಪೂರ್ವಕ್ಕೆ ಬೀದಿ ಇದೆ. ಬಾಡಿಗೆಗಿರುವ ಹೆಂಗಸು ಬಾಗಿಲಲ್ಲೇ ಜಗಳ ತೆಗೆದಳು.

"ಕೊಂಡ್ಕೊತೀರಾ? ಮೊದ್ಲು ಹೆಂಚು ಹಾಕ್ಸಿ! ಮಳೆ ಬಂದ್ರೆ ಹಾಸ್ಗೆ ಸುತ್ಕೊಂಡು ಮೂಲೇಲಿ ಕೂರ್ಬೇಕು. ಹಗ್ಗ ಎರಡ್ಮಾರು ಸೇರ್ಸುದ್ರೆ ಬಾವಿನೀರು. ಬಾಡ್ಗೆ ಜಾಸ್ತಿ ಗೀಸ್ತಿ ಅಂದ್ರೆ ಈಗ್ಲೇ ಹೇಳ್ಬುಡ್ತೀನಿ, ಕೊಡಾಕಿಲ್ಲ!"

ನನ್ನ ಮುಖ ಸಣ್ಣಗಾಯಿತು. ಅಕ್ಕನ ಮುಖ ಅರಳಿತು. ಕೂತು ಮಜ್ಜಿಗೆ ಕೇಳಿದಳು. ಉಪ್ಪು ಕೇಳಿದಳು. ಆ ಹೆಂಗಸು ಬೈಗುಳ ನಿಲ್ಲಿಸಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ. ಕೈ ಮಾತ್ರ ಹಿಂದೆ ಹೋಗಿ, ಬಾಗಿಲ ಸಂದಿನ ಮಡಕೆಯಿಂದ ಒಂದು ಚಿಟಿಕೆ ಉಪ್ಪು ತಂದು ಲೋಟಕ್ಕೆ ಹಾಕಿತು.

ಅಕ್ಕ ಅಲ್ಲಿಯೇ ಅಡ್ವಾನ್ಸ್ ಕೊಟ್ಟಳು. ರಾಹುಕಾಲ ನೋಡಲಿಲ್ಲ.

ನೀವು ಕೊಳ್ಳಲಿರುವ ಮನೆಯಲ್ಲಿ ಉಪ್ಪು ಎಲ್ಲಿದೆ, ಯಾರಿಗೆ ಗೊತ್ತು?