ಬೀಗವೂ ಒಂದು ಉತ್ತರ

ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ, ಬೆಳಗಿನ ನೂಕುನುಗ್ಗಲಿನಲ್ಲಿ, ಗಂಜಿ ಹಾಕಿದ ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಮ್ಮ ಎದೆಯೆತ್ತರದ ಮರದ ಹಲಗೆಯೊಂದನ್ನು ಹೆಗಲ ಮೇಲೆ ಹೊತ್ತು ನಡೆಯುವ ಹೆಂಗಸೊಬ್ಬರನ್ನು ನೀವು ಎಂದಾದರೂ ನೋಡಿದ್ದರೆ, ಅವರು ನಮ್ಮ ಗಂಗಕ್ಕನೇ ಇರಬೇಕು. ಅದು ಸಣ್ಣ ಮಕ್ಕಳ ಎತ್ತರ ಅಳೆಯುವ ಹಲಗೆ. ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಇದೇನು ಇಸ್ತ್ರಿ ಮೇಜೇ ಎಂದು ಕೇಳಿದರೆ, ಇನ್ನೊಬ್ಬಳು ಹಪ್ಪಳ ಒಣಗಿಸುವುದೇ ಎನ್ನುತ್ತಿದ್ದಳು. ಒಮ್ಮೆ ಮೀನು ಮಾರುವ ಹೆಂಗಸೊಬ್ಬಳು ತನ್ನ ಮೊಮ್ಮಗನನ್ನೂ ಅಳೆಯಿರಿ ಎಂದಳು. ಗಂಗಕ್ಕ ಪ್ಲಾಟ್‌ಫಾರ್ಮಿನ ಮೇಲೆಯೇ ಹಲಗೆ ನಿಲ್ಲಿಸಿ, ಹುಡುಗನ ಹಿಮ್ಮಡಿಯನ್ನು ಅದಕ್ಕೆ ತಾಗಿಸಿ, ಸಾವಧಾನವಾಗಿ ಅಳೆದು ಅಜ್ಜಿಗೆ ಲೆಕ್ಕ ಒಪ್ಪಿಸಿದರು. ಅಷ್ಟರಲ್ಲಿ ಎರಡು ಗಾಡಿ ಹೋಗಿದ್ದವು. ನಾನು ನಾಚಿಕೆಯಿಂದ ಕಂಬದ ಹಿಂದೆ ನಿಂತಿದ್ದೆ.

ನಮ್ಮದು ಚೆಂಬೂರಿನ ಎರಡು ಕೋಣೆಯ ಆಫೀಸು. ಐದು ವರ್ಷದೊಳಗಿನ ಮಕ್ಕಳು ಹೇಗೆ ಬೆಳೆಯುತ್ತಾರೆ, ಏನೇನು ಕಲಿಯುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡು ಬರುವ ಸಮೀಕ್ಷೆ ನಮ್ಮ ಕೆಲಸ. ಗಂಗಕ್ಕ ಅದರಲ್ಲಿ ಸ್ಪೆಷಲ್ ಪ್ರಾಜೆಕ್ಟ್ ಮ್ಯಾನೇಜರ್. ಏನು ಸ್ಪೆಷಲ್ ಎಂದು ನಾನು ಸೇರಿದ ಹೊಸತರಲ್ಲಿ ಕೇಳಿದ್ದೆ. "ಯಾರಿಗೂ ಬ್ಯಾಡಾದ ಕೆಲಸಕ್ಕ ದೊಡ್ಡ ಮಂದಿ ಇಡೋ ಹೆಸರದು" ಎಂದಿದ್ದರು. ದಾರಿಯಿಲ್ಲದ ಗುಡ್ಡ, ವಿಳಾಸವಿಲ್ಲದ ಜೋಪಡಿ, ಗೇಟಿನೊಳಗೆ ಬಿಡದ ಫ್ಲ್ಯಾಟುಗಳ ಸೊಸೈಟಿ, ಇಂಥವೆಲ್ಲ ಅವರ ಪಾಲಿಗೆ ಬರುತ್ತಿದ್ದವು.

ಆಫೀಸಿನವರಿಗೆ ಅವರು ದೇಸಾಯಿ ಮ್ಯಾಡಂ, ಚಾಳಿನ ಹೆಂಗಸರಿಗೆ ಬಾಯಿ, ನನಗೆ ಅಕ್ಕ. ಧಾರವಾಡದವರು. ಮೂವತ್ತು ವರ್ಷ ಮುಂಬಯಿಯಲ್ಲಿದ್ದರೂ ಮಾತಿನ ಧಾಟಿ ಒಂದಿಷ್ಟೂ ಸವೆದಿರಲಿಲ್ಲ. ನಾನು ಉಡುಪಿ ಕಡೆಯವಳು, ಅಪ್ಪ ಇಲ್ಲೇ ಹೋಟೆಲಿನಲ್ಲಿ ದುಡಿದವರು. ನಮ್ಮ ಕನ್ನಡ ಕೇಳಿದರೆ ಯಾರೋ ಪಾಠ ಓದಿದಂಗ ಆಗ್ತದ ಎಂದು ಗಂಗಕ್ಕ ರೇಗಿಸುತ್ತಿದ್ದರು.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅವರು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಚೀಲದಿಂದ ಐದು ಮರದ ಬ್ಲಾಕು ತೆಗೆದು ನೆಲದ ಮೇಲಿಟ್ಟು, ಒಂದರ ಮೇಲೊಂದು ಇಡು ಎಂದರು. ಎಂ.ಎ. ಮಾಡಿದ ನಾನು ಚಕ್ಕಳಮಕ್ಕಳ ಹಾಕಿ ಕೂತು ಗೋಪುರ ಕಟ್ಟಿದೆ. ಆಮೇಲೆ ಅವರು ಹೇಳಿದ್ದು ಇಷ್ಟು: "ನೀ ಒಂದೊಂದು ಇಟ್ಟಾಗೂ ನನ್ನ ಮಾರಿ ನೋಡಿದಿ. ಕೂಸೂ ಹಂಗ ನೋಡ್ತದ, ಸರಿ ಅದನೋ ಇಲ್ಲೋ ಅಂತ. ಆಗ ನೀ ನಕ್ಕಿ ಅಂದ್ರ ಉತ್ತರ ನೀನ ಹೇಳಿಕೊಟ್ಟಂಗ. ಮಾರಿ ಬಾಗಲಾ ಹಾಕ್ಕೊಂಡು ಕೂಡೋದು ಕಲಿ."

ಮುಖದ ಬಾಗಿಲು ಹಾಕಿಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮಲಾಡಿನ ಒಂದು ಸೊಸೈಟಿಯಲ್ಲಿ, ಮಗುವಿಗೆ ಚಿತ್ರ ತೋರಿಸಿ ಇದೇನು ಎಂದು ಕೇಳಿದಾಗಲೆಲ್ಲ ತಾಯಿ ಪರದೆಯ ಹಿಂದಿನಿಂದ ಬಾಯಿ ಆಡಿಸಿ ಉತ್ತರ ಹೇಳಿಕೊಡುತ್ತಿದ್ದಳು. ಗಂಗಕ್ಕ ಎದ್ದು ಹೋಗಿ ಆಕೆಯನ್ನು ಕರೆತಂದು ಮಗುವಿನ ಪಕ್ಕದಲ್ಲಿ ಕೂರಿಸಿ, ಚಿತ್ರಗಳನ್ನೆಲ್ಲ ಮೊದಲು ತಾಯಿಗೇ ತೋರಿಸಿ, ಒಂದೊಂದನ್ನೂ ಗಂಭೀರವಾಗಿ ಬರೆದುಕೊಂಡರು. ನನಗೆ ನಗು ತಡೆಯಲಾಗದೆ ನೀರು ಕುಡಿಯುವ ನೆಪ ಮಾಡಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಪರೀಕ್ಷೆ ಮುಗಿದ ಮೇಲೆ ತಮ್ಮ ಸ್ಟೀಲ್ ಡಬ್ಬಿಯ ಚಕ್ಕುಲಿಯನ್ನು ಮಗುವಿಗೂ ತಾಯಿಗೂ ಕೊಟ್ಟರು. ಮೊದಲೇ ಕೊಡುವಂತಿಲ್ಲ, ಅದು ಲಂಚವಾಗುತ್ತದೆ ಎನ್ನುವುದು ಅವರ ಕಾನೂನು.

ಅವರ ಇನ್ನೊಂದು ಕಾನೂನು ಬೀಗದ್ದು. ಮನೆಗೆ ಬೀಗ ಇದ್ದರೆ ಬೇರೆ ಬೇರೆ ದಿನ ಮೂರು ಸಲ ಹೋಗಬೇಕು. ಮೂರನೆಯ ಸಲವೂ ಬೀಗವಿದ್ದರೆ ಪಕ್ಕದ ಮನೆಯ ಬಾಗಿಲು ತಟ್ಟಿ ವಿಚಾರಿಸಿ, ಬೀಗ ಎಂದು ಬರೆಯಬೇಕು. ಹೊಸಬರಿಗೆ ಬೀಗ ಎಂದು ಬರೆಯಲು ನಾಚಿಕೆ, ತಾವು ಕೆಲಸಗಳ್ಳರಂತೆ ಕಾಣುತ್ತೇವೆ ಎಂಬ ಭಯ. ಗಂಗಕ್ಕ ಪ್ರತಿ ಟ್ರೇನಿಂಗಿನಲ್ಲೂ ಹೇಳುತ್ತಿದ್ದರು. "ಬೀಗ ಇತ್ತಂದ್ರ ಬೀಗ ಅಂತ ಬರಿ. ಬೀಗಾನೂ ಒಂದು ಉತ್ತರನ. ನಿನ್ನ ಮನಸಿಗೆ ಬಂದದ್ದು ಉತ್ತರ ಅಲ್ಲ." ನಾವು ಅದನ್ನು ಅವರ ಧಾಟಿಯಲ್ಲೇ ಅಣಕಿಸಿ ನಗುತ್ತಿದ್ದೆವು. ನಕ್ಕವರಲ್ಲಿ ನಾನೇ ಮೊದಲಿಗಳು.

ವಿಕ್ರೋಳಿಯ ಗುಡ್ಡದ ಮೇಲಿನ ವಸತಿಯಲ್ಲಿ ನಲವತ್ತು ಮಕ್ಕಳನ್ನು ಅಳೆದಿದ್ದೆವು. ಒಂದು ವರ್ಷ ಬಿಟ್ಟು ಅದೇ ಮಕ್ಕಳನ್ನು ಮತ್ತೆ ನೋಡಿ ಬರುವುದು ಆ ಸಲದ ಸ್ಪೆಷಲ್ ಪ್ರಾಜೆಕ್ಟು. ಆ ಮನೆಗಳು ನನ್ನ ಪಾಲಿಗೆ ಬಂದವು. ಅವುಗಳಲ್ಲಿ ರೇಣುಕಾ ಎಂಬ ಮಗುವಿನ ಮನೆ ಕಟ್ಟಕಡೆಯದು, ಗುಡ್ಡದ ತುದಿಯಲ್ಲಿ. ತಾಯಿ ನೀಲವ್ವ ವಿಜಯಪುರ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುವವಳು. ಹಿಂದಿನ ವರ್ಷ ಈ ರೇಣುಕಾ ನಾಲ್ಕು ಬ್ಲಾಕು ಇಟ್ಟು, ಐದನೆಯದನ್ನು ಬಾಯಿಗೆ ಹಾಕಿಕೊಂಡು ನಮ್ಮನ್ನೆಲ್ಲ ಓಡಾಡಿಸಿದ್ದಳು.

ಎರಡು ಸಲ ಹೋದೆ, ಬೀಗ ಇತ್ತು. ಮೂರನೆಯ ಸಲ, ಬಿಸಿಲಿನಲ್ಲಿ, ಅರ್ಧ ಗುಡ್ಡ ಹತ್ತಿ ಕತ್ತೆತ್ತಿ ನೋಡಿದೆ. ಅಲ್ಲಿಂದಲೇ ಬೀಗ ಕಾಣಿಸಿತು. ಪಕ್ಕದ ಮನೆಯ ಬಾಗಿಲು ತಟ್ಟಲು ಇನ್ನೂ ಅರವತ್ತು ಮೆಟ್ಟಿಲು ಹತ್ತಬೇಕಿತ್ತು. ನಲವತ್ತರಲ್ಲಿ ಮೂವತ್ತೊಂಬತ್ತು ಮುಗಿಸಿದ್ದೆ, ಒಂದೂ ಬೀಗವಿರಲಿಲ್ಲ, ಆ ಹೆಮ್ಮೆ ಬೇರೆ. ಅಲ್ಲೇ ಒಂದು ನಲ್ಲಿಯ ಕಟ್ಟೆಯ ಮೇಲೆ ಕೂತು ಟ್ಯಾಬ್ ತೆಗೆದೆ. ಹಿಂದಿನ ವರ್ಷದ ಎತ್ತರಕ್ಕೆ ಒಂದು ವರ್ಷದ ಬೆಳವಣಿಗೆ ಸೇರಿಸಿದೆ. ತೋಳಿನ ಸುತ್ತಳತೆ ಸ್ವಲ್ಪ ಹೆಚ್ಚಿಸಿದೆ. ಬ್ಲಾಕು ಐದಕ್ಕೆ ಐದು. ಜಾಣ ಮಗು, ಇಟ್ಟೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುತ್ತೇನೆ, ಆಗ ನನಗೆ ತಪ್ಪು ಮಾಡಿದೆ ಎನಿಸಲೇ ಇಲ್ಲ. ಮಗುವಿಗೆ ಉಪಕಾರ ಮಾಡಿದ ಹಾಗೆ ಅನಿಸಿತ್ತು.

ಹತ್ತು ಮನೆಯಲ್ಲಿ ಒಂದು ಮನೆಗೆ ಮ್ಯಾನೇಜರರು ಹೇಳದೆ ಕೇಳದೆ ಹೋಗಿ ತಾಳೆ ನೋಡುವ ಪದ್ಧತಿ ಇದೆ. ಗಂಗಕ್ಕ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ, ಬೆಳಗ್ಗೆ ಆರಕ್ಕೇ ಹೋಗುತ್ತಿದ್ದರು. ನೀರು ಬಿಟ್ಟು ಯಾರೂ ಕೆಲಸಕ್ಕೆ ಹೋಗುವುದಿಲ್ಲ ಎಂದು ಅವರಿಗೆ ಗೊತ್ತು. ವಾರದ ನಂತರ ಒಂದು ದಿನ ಹತ್ತು ಗಂಟೆಗೆ ಆಫೀಸಿಗೆ ಬಂದರು. ಚಪ್ಪಲಿಯಲ್ಲಿ ಗುಡ್ಡದ ಕೆಂಪು ಮಣ್ಣಿತ್ತು. ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ರೇಣುಕಾ ಹೆಂಗಿತ್ತು?" ಎಂದು ಕೇಳಿದರು.

"ಚಂದ ಇತ್ತು ಅಕ್ಕ. ನಗಾಡಿಕೊಂಡೇ ಇತ್ತು. ಐದೂ ಇಟ್ಟಿತು" ಎಂದೆ.

"ಅಳಲಿಲ್ಲಾ?"

"ಇಲ್ಲ. ಈ ಸಲ ಬ್ಲಾಕು ಬಾಯಿಗೆ ಹಾಕ್ಲೂ ಇಲ್ಲ."

ಇಷ್ಟನ್ನೂ ನಾನು ಯಾರೂ ಕೇಳದೆ ಸೇರಿಸಿದೆ. ಗಂಗಕ್ಕನ ಮುಖದ ಬಾಗಿಲು ಹಾಕಿಯೇ ಇತ್ತು. ನನ್ನ ಉತ್ತರ ಸರಿಯೋ ತಪ್ಪೋ ಎಂದು ಆ ಮುಖದಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ಆಮೇಲೆ ಅವರು ಮೆಲ್ಲಗೆ ಹೇಳಿದರು.

"ಆ ಕೂಸು ಸತ್ತು ನಾಲ್ಕು ತಿಂಗಳಾತು ನಮಿತಾ. ಜ್ವರ ಬಂದು ಮೂರು ದಿನಕ್ಕ ಹೋತಂತ."

ಇಲ್ಲದ ಮಗುವಿನ ತೋಳನ್ನು ನಾನು ದಪ್ಪ ಮಾಡಿದ್ದೆ. ಮಣ್ಣಾದ ಮಗುವನ್ನು ನಗಿಸಿದ್ದೆ. ಸುಳ್ಳು ಬರೆದರೆ ಸಿಕ್ಕಿಬಿದ್ದೇನು ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ, ನನ್ನ ಸುಳ್ಳು ಹೋಗಿ ಸಾವಿನ ಮನೆಯೊಳಗೆ ಕೂತಿರಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕೆಲಸದಿಂದ ತೆಗೆಯಿರಿ ಎಂದು ಅಳುತ್ತಾ ಹೇಳಿದೆ. ಗಂಗಕ್ಕ ಒಪ್ಪಲಿಲ್ಲ. ನೀನು ಹೋದರೆ ಈ ಮಾತೂ ನಿನ್ನ ಹಿಂದೆಯೇ ಹೋಗಿಬಿಡುತ್ತದೆ, ಅದು ಇಲ್ಲೇ ಇರಬೇಕು ಎಂದರು. ಮರುದಿನ ಆರು ಗಂಟೆಗೆ ನನ್ನನ್ನು ಗುಡ್ಡ ಹತ್ತಿಸಿದರು. ಹಲಗೆಯನ್ನು ಯಾಕೆ ಹೊತ್ತು ತಂದಿದ್ದಾರೆ ಎಂದು ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ನೀಲವ್ವ ಕೊಡ ತುಂಬಿಸಿ ಒಳಗಿಡುತ್ತಿದ್ದಳು. ನಾನು ನೆಲ ನೋಡುತ್ತಾ, ಬಾರದೆಯೇ ಬಂದೆ ಎಂದು ಬರೆದದ್ದನ್ನು, ನಿನ್ನ ಮಗಳು ಐದೂ ಬ್ಲಾಕು ಇಟ್ಟಳು ಎಂದು ಬರೆದದ್ದನ್ನು ಹೇಳಿದೆ. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಕೊಡವನ್ನು ನೆಲಕ್ಕಿಟ್ಟಳು.

"ಇಡ್ತಿದ್ಲ್ರಿ" ಎಂದಳು. "ಇದ್ದಿದ್ರ ಐದೂ ಇಡ್ತಿದ್ಲು."

ಅದಕ್ಕಿಂತ ಅವಳು ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಆಮೇಲೆ ಅವಳು ಗಂಗಕ್ಕನ ಕಡೆ ತಿರುಗಿ, ಹಿಂದಿನ ದಿನ ಕೇಳಿದ್ದನ್ನೇ ಮತ್ತೆ ಕೇಳಿದಳು: "ಹ್ವಾದ ವರ್ಸ ಅಳದಿದ್ರಲ್ಲ ಬಾಯಾರ, ಎಷ್ಟ ಎತ್ತರ ಇದ್ಲು?"

ಸಮೀಕ್ಷೆಯ ಅಳತೆ ಆಫೀಸಿನ ಹೊರಗೆ ಹೋಗಕೂಡದು ಎಂದು ನಮಗೆಲ್ಲ ಕಲಿಸಿದವರು ಗಂಗಕ್ಕ. ಅವರು ಹಲಗೆಯನ್ನು ಬಾಗಿಲ ಚೌಕಟ್ಟಿಗೆ ತಾಗಿಸಿ ನಿಲ್ಲಿಸಿ, ಹಿಂದಿನ ವರ್ಷದ ನಿಜವಾದ ಅಳತೆಗೆ ಅಡ್ಡಪಟ್ಟಿ ಸರಿಸಿ, ಪೆನ್ಸಿಲಿನಿಂದ ಚೌಕಟ್ಟಿನ ಮೇಲೆ ಒಂದು ಗೆರೆ ಎಳೆದರು. ನೀಲವ್ವ ಅದರ ಮೇಲೆ ಅಂಗೈಯಿಟ್ಟಳು, ಮಗುವಿನ ತಲೆಯ ಮೇಲೆ ಇಡುವ ಹಾಗೆ. ಗಂಗಕ್ಕ ಗೋಡೆ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗುತ್ತಿತ್ತು. ಅವರ ಬಾಗಿಲು ತೆರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಬೆನ್ನಿನ ಕಡೆಯಿಂದ.

ನನ್ನ ನಲವತ್ತು ಫಾರಂಗಳನ್ನೂ ಹೊಡೆದುಹಾಕಿ, ನಡೆದದ್ದನ್ನು ನಡೆದ ಹಾಗೆ ಮೇಲಿನವರಿಗೆ ಬರೆದು, ಉಳಿದ ಮನೆಗಳಿಗೆ ನನ್ನನ್ನೇ ಕರೆದುಕೊಂಡು ಹೋಗಿ ಮತ್ತೆ ಅಳೆಯಿಸಿದರು. ಮೇಲಿನವರಿಗೆ ಇಷ್ಟು ಸತ್ಯ ಬೇಕಿರಲಿಲ್ಲವೇನೋ. ಮುಂದಿನ ವರ್ಷ ಸ್ಪೆಷಲ್ ಪ್ರಾಜೆಕ್ಟು ನಿಂತಿತು, ಗಂಗಕ್ಕನ ಹುದ್ದೆಯೂ ಹೋಯಿತು. ಕೊನೆಯ ದಿನ ಹಲಗೆಯನ್ನು ನನ್ನ ಹೆಗಲ ಮೇಲಿಟ್ಟು, ಗಾಡಿಯೊಳಗೆ ಅಡ್ಡ ಹಿಡಿಯಬೇಡ, ಮಂದಿ ಬೈತಾರೆ ಎಂದಷ್ಟೇ ಹೇಳಿದರು. ನನ್ನ ಕಾರಣಕ್ಕೆ ಹೀಗಾಯಿತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ರಿಕ್ಷಾ ಹತ್ತಿಬಿಟ್ಟಿದ್ದರು.

ಚೆಂಬೂರಿನಲ್ಲೇ ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆಮೇಲೆ, ಅವರ ಹುದ್ದೆ ಹೋದರೂ ಅವರ ಗುಡ್ಡ, ಜೋಪಡಿಗಳ ಕೆಲಸ ನನ್ನ ತಲೆಗೆ ಬಂದು, ಹೋಗುವುದು ಕಡಿಮೆಯಾಯಿತು. ಕಳೆದ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಹೋದರೆ ಬೀಗ ಇತ್ತು. ಫೋನು ಹತ್ತಲಿಲ್ಲ, ಚಾರ್ಜ್ ಮಾಡುವುದನ್ನು ಅವರು ಯಾವಾಗಲೂ ಮರೆಯುವವರು. ಧಾರವಾಡಕ್ಕೆ ತಂಗಿಯ ಮನೆಗೆ ಹೋಗಿರಬೇಕು ಎಂದುಕೊಂಡು ಇಳಿದು ಬಂದೆ. ಆಫೀಸಿನಲ್ಲಿ ಕೇಳಿದವರಿಗೆ, ಚೆನ್ನಾಗಿದ್ದಾರೆ, ಊರಿಗೆ ಹೋಗಿದ್ದಾರೆ ಎಂದೆ. ದಸರೆಗೆ ಮತ್ತೆ ಹೋದೆ, ಮತ್ತೆ ಬೀಗ. ಈ ಸಲ ಕೇಳಿದವರಿಗೆ, ತಂಗಿಯ ಮಗಳ ಮದುವೆಯಂತೆ, ಓಡಾಟದಲ್ಲಿದ್ದಾರೆ ಎಂದೂ ಸೇರಿಸಿದೆ. ಆ ಮದುವೆ ನನ್ನ ಬಾಯಿಗೆ ಎಲ್ಲಿಂದ ಬಂತೋ ದೇವರೇ ಬಲ್ಲ.

ದೀಪಾವಳಿಗೆ ಚಕ್ಕುಲಿ ಹಿಡಿದುಕೊಂಡು ಮೂರನೆಯ ಸಲ ಹತ್ತಿದೆ. ಅದೇ ಬೀಗ. ಮೇಲೆ ಧೂಳು ಕೂತಿತ್ತು. ಪಕ್ಕದ ಮನೆಯ ಬಾಗಿಲು ತಟ್ಟಿದೆ. ವಯಸ್ಸಾದ ತಮಿಳು ಮಾಮಿಯೊಬ್ಬರು ತೆರೆದರು. ಗಂಗಕ್ಕ ಗಣಪತಿ ಹಬ್ಬಕ್ಕೆ ಎರಡು ದಿನ ಮೊದಲು ತೀರಿಕೊಂಡರು, ಹೃದಯ ನಿಂತಿತಂತೆ, ಧಾರವಾಡದಿಂದ ತಂಗಿ ಬಂದು ಎಲ್ಲ ಮುಗಿಸಿ ಬೀಗ ಹಾಕಿಕೊಂಡು ಹೋದರು ಎಂದು ಹಿಂದಿಯಲ್ಲಿ ಹೇಳಿದರು. ಎರಡು ಸಲ ಯಾರೋ ಬಂದು ಇಳಿದು ಹೋದ ಸದ್ದು ಕೇಳಿತ್ತು, ನೀನೇನಾ ಎಂದು ಕೇಳಿದರು.

ಮರುದಿನ ಆಫೀಸಿಗೆ ಹೋಗಿ ಒಬ್ಬೊಬ್ಬರ ಮೇಜಿನ ಮುಂದೆಯೂ ನಿಂತು ಹೇಳಿದೆ: ಊರಿಗೆ ಹೋಗಿದ್ದಾರೆ ಎಂದದ್ದು ಸುಳ್ಳು, ಮದುವೆ ಸುಳ್ಳು, ಚೆನ್ನಾಗಿದ್ದಾರೆ ಎಂದದ್ದೂ ಸುಳ್ಳು. ನಾನು ನೋಡಿದ್ದು ಬೀಗ ಮಾತ್ರ.