ಸೊಳ್ಳೆ ಪರದೆಯ ಸಿನಿಮಾ

ಬಟ್ಟೆ ಅಂಗಡಿಯವರ ಕೈ ಸುಮ್ಮನಿರುವುದಿಲ್ಲ. ನನ್ನ ಸೋದರಮಾವ ಮದುವೆಗೆ ಹೋದರೆ ಅಕ್ಷತೆ ಹಾಕುವ ಮೊದಲು ಪಕ್ಕದಲ್ಲಿ ನಿಂತವರ ಶಲ್ಯದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಿದ್ದರು. "ಮಾಲು ಚಲೋ ಐತೆ, ಎಲ್ಲಿ ತಗಂಡ್ರಿ?" ಗುರುತಿದ್ದವರು ನಗುತ್ತಿದ್ದರು, ಗುರುತಿಲ್ಲದವರು ಶಲ್ಯ ಎಳೆದುಕೊಳ್ಳುತ್ತಿದ್ದರು.

ಅಂಥ ಮಾವ ತೊಂಬತ್ತರ ದಶಕದ ಕೊನೆಗೆ, ಮಾಲು ತರಲು ಮುಂಬಯಿಗೆ ಹೋದವರು, ಬಟ್ಟೆಯ ಗಂಟುಗಳ ಜೊತೆ ಒಂದು ಪ್ರೊಜೆಕ್ಟರನ್ನೂ ತಂದುಬಿಟ್ಟರು. ಯಾವುದೋ ಹೋಟೆಲಿನವರು ಬಳಸಿ ಬಿಟ್ಟದ್ದು. ವಿ.ಸಿ.ಆರ್.ನ ವೈರನ್ನು ಅದಕ್ಕೆ ಚುಚ್ಚಿದರೆ ದಾವಣಗೆರೆಯ ಸರಸ್ವತಿ ನಗರದ ಅವರ ಮನೆಯ ಹಜಾರದ ಗೋಡೆ ತುಂಬ ಸಿನಿಮಾ. ಟಿ.ವಿ. ಧಾರಾವಾಹಿಗಳೂ ಅದರಲ್ಲೇ ಬರುತ್ತಿದ್ದವು. ಮಾವ ಅದನ್ನು ತಂದದ್ದು ಅವರ ತಾಯಿಗೋಸ್ಕರ, ಅಂದರೆ ನನ್ನ ಅಜ್ಜಿಗೋಸ್ಕರ. ಪ್ರಾಯದಲ್ಲಿ ನಂದಿಗುಡಿಯಿಂದ ಗಾಡಿ ಕಟ್ಟಿಸಿಕೊಂಡು ಹರಿಹರದ ಟೆಂಟಿಗೆ ಸಿನಿಮಾ ನೋಡಲು ಹೋಗುತ್ತಿದ್ದ ಹೆಂಗಸು ಅವಳು. ಈಗ ಮೊಣಕಾಲು ಟಾಕೀಸಿನ ಮೆಟ್ಟಿಲನ್ನು ಒಪ್ಪುತ್ತಿರಲಿಲ್ಲ.

ನಾನಾಗ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಭಾನುವಾರ ಬಸ್ಸು ಹತ್ತಿ ಮಾವನ ಮನೆಗೆ ಊಟಕ್ಕೆ ಬಂದರೆ, ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟುವುದು ನನ್ನ ಕೆಲಸ. ಹಗಲಲ್ಲಿ ಕತ್ತಲೆ ಮಾಡದೆ ಗೋಡೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಬೀದಿಯ ಜನ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಮಂಡಕ್ಕಿ, ಮಿರ್ಚಿಯ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಯಾರ ಮಿರ್ಚಿ ಯಾರ ಬಾಯಿಗೆ ಹೋಯಿತೆಂದು ಆ ಕತ್ತಲಲ್ಲಿ ಯಾರೂ ಹೇಳುವಂತಿರಲಿಲ್ಲ. ಎಲ್ಲರಿಗಿಂತ ಮುಂದೆ, ಗೋಡೆಗೆ ಹತ್ತಿರ, ಅಜ್ಜಿಯ ಬೆತ್ತದ ಕುರ್ಚಿ.

ಮೊದಲ ದಿನ ಗೋಡೆಯ ಮೇಲೆ ನಾಯಕಿಯ ಮುಖ ಮೂಡಿದಾಗ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಏನಪಾ ಇದು, ಇಷ್ಟು ಚೆಂದದ ಮುಖಕ್ಕೆ ಸೊಳ್ಳೆ ಪರದೆ ಯಾಕ ಕಟ್ಟೀಯ?" ಅಂದಳು.

ಹಜಾರವೆಲ್ಲ ಗೊಳ್ಳೆಂದಿತು. ಆದರೆ ಮಾತು ಸುಳ್ಳಲ್ಲ. ಆ ಪ್ರೊಜೆಕ್ಟರಿನ ಚಿತ್ರವೆಂದರೆ ಸಣ್ಣ ಸಣ್ಣ ಚೌಕದ ಚುಕ್ಕೆಗಳು, ಚುಕ್ಕೆ ಚುಕ್ಕೆಯ ನಡುವೆ ಕಪ್ಪು ಗೆರೆ. ಹಿಂದೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ, ಮುಂದೆ ಕೂತರೆ ಬಲೆ ಎದ್ದು ಕಾಣುತ್ತಿತ್ತು. ಮಾವ ಮಾತ್ರ ನಗಲಿಲ್ಲ. ಅವರ ಅಂಗಡಿಯ ಮಾಲನ್ನು ಒರಟು ಅಂದವರು ಅದುವರೆಗೆ ಯಾರೂ ಇರಲಿಲ್ಲ.

ಕೆಲವು ವಾರ ಕಳೆದವು. ಒಂದು ಭಾನುವಾರ ನೋಡಿದರೆ ಬೆತ್ತದ ಕುರ್ಚಿ ಖಾಲಿ. ಮುಂದಿನ ವಾರವೂ ಖಾಲಿ. ಅಜ್ಜಿ ಧಾರಾವಾಹಿಯ ಹೊತ್ತಿಗೆ ಪಕ್ಕದ ಮನೆಗೆ, ಟಿ.ವಿ. ಅಂಗಡಿ ಇಟ್ಟುಕೊಂಡಿದ್ದ ಸಾಹೇಬರ ಮನೆಗೆ ಹೋಗುತ್ತಿದ್ದಳು. ಅವರ ಮನೆಯಲ್ಲಿದ್ದದ್ದು ಬಾಳೆಹಣ್ಣಿನ ಬುಟ್ಟಿಯಷ್ಟು ಟಿ.ವಿ.

ಮಾವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಅಳಿಯ, ಬೀದಿ ಮಂದಿಯೆಲ್ಲ ನಮ್ಮನಿಗೆ ಬರ್ತೈತೆ, ನಮ್ಮವ್ವ ನೋಡಿದ್ರೆ ಪಕ್ಕದ ಮನಿಗೆ ಹೋಗ್ತಾಳೆ. ಯಾರಿಗೆ ಅಂತ ತಂದೆ ಇದನ್ನ? ಎಲ್ಲ ಆ ಸೊಳ್ಳೆ ಪರದೆಯಿಂದ" ಅಂದರು. ದನಿ ಸಣ್ಣಗಾಗಿತ್ತು. ಅಷ್ಟು ಸಪ್ಪಗಾದ ಮಾವನನ್ನು ನಾನು ನೋಡಿರಲಿಲ್ಲ.

ಪರಿಹಾರ ತಂದವರೂ ಸಾಹೇಬರೇ. "ಅಣ್ಣಾರೆ, ನಿಮ್ದು ಅಡ್ಡಕ್ಕೆ ಆರ್ನೂರ ನಲವತ್ತು ಚುಕ್ಕಿದು. ಈಗ ಎಂಟ್ನೂರರದ್ದು ಬಂದೈತೆ. ಬಿಲ್ಕುಲ್ ಸಾಫ್. ಹಳೇದು ಕೊಟ್ಟು ಅದನ್ನ ಇಟ್ಕಳ್ರಿ."

"ಅಂದ್ರೆ ನಂದು ಒರಟು ಖಾದಿ, ಅದು ನಯ ನೂಲಿನ ಮಲ್ ಪಂಚಿ" ಅಂದರು ಮಾವ. ಕೂಡಲೇ ಅರ್ಥವಾಗಿತ್ತು. "ಆದ್ರೆ ಸಾಹೇಬ್ರೆ, ಮಾದರಿ ನೋಡ್ದೆ ನಾನು ಮಾಲು ಎತ್ತಲ್ಲ."

ಮುಂದಿನ ಭಾನುವಾರ ಮಾದರಿ ಬಂತು. ಹಳೆಯ ಯಂತ್ರದ ಪಕ್ಕದಲ್ಲೇ ಹೊಸದನ್ನು ಇಟ್ಟು, ಒಂದೇ ಕ್ಯಾಸೆಟ್ಟಿನ ಚಿತ್ರವನ್ನು ಒಮ್ಮೆ ಇದರಿಂದ, ಒಮ್ಮೆ ಅದರಿಂದ ಗೋಡೆಗೆ ಬಿಟ್ಟೆವು. ಅಜ್ಜಿಯನ್ನು ಮಾವನೇ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಜೇಬಿನಿಂದ ತೆಗೆದರು ನೋಡಿ, ಬಟ್ಟೆಯ ನೂಲು ಎಣಿಸುವ ಮಡಚು ಭೂತಗನ್ನಡಿ! ಅದನ್ನು ಗೋಡೆಗೆ ಒತ್ತಿ ಕಣ್ಣಿಟ್ಟರು. ನಾಯಕನ ಮುಖವಿದ್ದ ಕಡೆ ಮಾವನ ತಲೆಯ ನೆರಳು ಬಿತ್ತು.

"ಏ ಮಾವಾರೆ, ಹೀರೋನ ನುಂಗಿಬಿಟ್ರಿ!" ಚಾಪೆಯಿಂದ ಯಾರೋ ಕೂಗಿದರು.

"ಬಾಯಿ ಮುಚ್ಕಂಡು ಕುಂದ್ರಿ, ನೇಯ್ಗಿ ನೋಡ್ತಿದೀನಿ."

ಎಡಕ್ಕೆ ಸರಿದರೆ ನಾಯಕಿ ಮಾಯ, ಬಲಕ್ಕೆ ಸರಿದರೆ ನಾಯಕ ಮಾಯ. ಕೊನೆಗೆ ಗೋಡೆಗೆ ಬೆನ್ನು ಹಚ್ಚಿ, ಕೊರಳು ತಿರುಚಿ, ಹಲ್ಲಿಯ ಹಾಗೆ ಪಕ್ಕದಿಂದ ನೋಡಿ ತೀರ್ಪು ಕೊಟ್ಟರು: "ಸಣ್ಣ ನೇಯ್ಗಿ. ಖರೇ ಐತೆ. ಅಳಿಯ, ನೀನು ಮಿಶನ್‌ನಾಗೆ ಇರಾವ, ನೀನೇನಂತಿ?"

ಕಾರ್ಖಾನೆಯಲ್ಲಿ ನಾನು ನೋಡುತ್ತಿದ್ದದ್ದು ಬೋಲ್ಟು, ಬೇರಿಂಗು. ಆದರೂ ಗಂಭೀರವಾಗಿ ತಲೆಯಾಡಿಸಿದೆ.

"ಅವ್ವ, ಈಗ ಪರದೆ ಕಾಣ್ತೈತಾ?"

"ಇಲ್ಲಪಾ. ಭಾಳ ಚಲೋ ಐತೆ" ಅಂದಳು ಅಜ್ಜಿ. ಮಾವನ ಮುಖ ಆ ಕತ್ತಲಲ್ಲೂ ಬೆಳಗಿದ್ದು ನನಗೆ ಕಂಡಿತು. ಸಾಹೇಬರು ರಟ್ಟಿನ ಪೆಟ್ಟಿಗೆ ಮಡಚತೊಡಗಿದರು. ವ್ಯಾಪಾರ ಮುಗಿದ ಹಾಗೆಯೇ.

ಅಷ್ಟರಲ್ಲಿ ಧಾರಾವಾಹಿಯ ಹೊತ್ತಾಯಿತು. ಅಜ್ಜಿ ಕುರ್ಚಿಯ ಕೈ ಹಿಡಿದು ಎದ್ದಳು, ಕತ್ತಲಲ್ಲಿ ತಡವರಿಸುತ್ತ ಬಾಗಿಲ ಕಡೆ ಹೊರಟಳು.

"ಎಲ್ಲಿಗವ್ವ? ಹೊಸಾದು ಹಚ್ಚೀವಲ್ಲ!"

"ನೀವು ನೋಡ್ರಪಾ. ನಾನು ಸಾಹೇಬ್ರ ಮನಿಗೆ ಹೋಗ್ತೀನಿ."

ಮಾವ ಲೈಟು ಹಾಕಿದರು. "ಅಲ್ಲವ್ವ, ಈ ಗೋಡೆ ತುಂಬ ಕಾಣಾದು ಬಿಟ್ಟು ಆ ಬುಟ್ಟಿ ಟಿ.ವಿ.ಗೆ ಯಾಕ ಹೋಗ್ತೀ?"

"ಅಲ್ಲಿ ಬೆಳಕೈತೆ. ಸಾಹೇಬ್ರ ಹೆಂಡ್ತಿ ನಾನು ಕೂಡಿ ಬೆಳ್ಳುಳ್ಳಿ ಸುಲಿತೀವಿ. ಟಿ.ವಿ.ಯಾಗೆ ಆ ಅತ್ತಿ ಸೊಸಿಗೆ ಬೈದ್ರೆ ನಾವಿಬ್ರೂ ಅತ್ತಿಗೆ ಬೈತೀವಿ. ಇಲ್ಲಿ ಕತ್ತಲದಾಗೆ ಸುಮ್ನೆ ಕಣ್ಣು ಬಿಟ್ಕಂಡು ಕುಂದ್ರಬೇಕು. ಬಾಯಿ ತೆಗೆದ್ರೆ ಎಲ್ರೂ ಶ್ ಅಂತೀರಿ. ನಾನೇನು ಶಾಲಿ ಹುಡುಗಿ ಏನು?"

"ಮತ್ತೆ ಸೊಳ್ಳೆ ಪರದೆ ಅಂದ್ಯಲ್ಲ?"

ಅಜ್ಜಿ ಸ್ವಲ್ಪ ಯೋಚಿಸಿದಳು. "ನಾನಾ? ಯಾವಾಗ?"

ಮಾವ ಸಾಹೇಬರ ಕಡೆ ತಿರುಗಿದರು. "ನಿಮಗೂ ಗೊತ್ತಿರಲಿಲ್ಲೇನ್ರಿ?"

"ಅಲ್ರಿ ಅಣ್ಣಾರೆ, ಅಂಗಡ್ಯಾಗೆ ಇರೋನಿಗೆ ಮನಿ ಬೆಳ್ಳುಳ್ಳಿ ಸುದ್ದಿ ಹೆಂಗೆ ಗೊತ್ತಾಗ್ತೈತೆ?" ಅಂದ ಸಾಹೇಬರು, ಮಡಚಿದ್ದ ಪೆಟ್ಟಿಗೆಯನ್ನು ಮತ್ತೆ ಬಿಡಿಸತೊಡಗಿದರು. ತಿಳಿದವರು.

ಮಾವ ಅಜ್ಜಿಯ ಕುರ್ಚಿಯ ಬದಿಯ ಕಿಟಕಿಗೆ ಹೋಗಿ ಕಂಬಳಿ ಬಿಚ್ಚಿ ಎಳೆದರು. ಮಧ್ಯಾಹ್ನದ ಬಿಸಿಲು ಹಜಾರಕ್ಕೆ ನುಗ್ಗಿತು. ಲೈಟು ಆರಿಸಿದರು. ಗೋಡೆಯ ಮೇಲೆ ಹೊಸ ಯಂತ್ರದ ಚಿತ್ರ ಮಂಕಾಗಿ ಕಂಡಿತು. ನಾನು ವೈರನ್ನು ಹಳೆಯದಕ್ಕೆ ಬದಲಿಸಿದೆ. ಅದೂ ಅಷ್ಟೇ ಮಂಕು. ಎಷ್ಟು ನೋಡಿದರೂ ಯಾವುದು ಖಾದಿ, ಯಾವುದು ಮಲ್ ಎಂದು ನನಗಂತೂ ಗೊತ್ತಾಗಲಿಲ್ಲ. ಮಾವ ಭೂತಗನ್ನಡಿಯನ್ನು ಕೈಯಲ್ಲಿ ಹಿಡಿದಿದ್ದರು, ಆದರೆ ಗೋಡೆಗೆ ಇಡಲಿಲ್ಲ.

"ಬಣ್ಣ ಬಿಡ್ತು ನೋಡವ್ವ. ಒಗೆದ ಬಟ್ಟಿ ಆತು."

"ಒಗೆದ ಬಟ್ಟಿನೇ ಮೈಗೆ ಹಿತ ಕಣೋ. ಹಂಗೇ ಇರ್ಲಿ" ಎಂದು ಅಜ್ಜಿ ಮರಳಿ ಬಂದು ಕೂತಳು. ಕಿಟಕಿಯಿಂದಲೇ ಸಾಹೇಬರ ಹೆಂಡತಿಯನ್ನು ಕೂಗಿದಳು: "ಏ ಯವ್ವಾ, ಬೆಳ್ಳುಳ್ಳಿ ಮೊರ ಇಲ್ಲಿಗೇ ತಗಂಡು ಬಾ!"

ಹೊಸ ಯಂತ್ರ ಪೆಟ್ಟಿಗೆ ಸೇರಿತು. ಮಾವ ಅದರ ಬೆನ್ನು ತಟ್ಟಿ, "ಮಾಲಿನಾಗೆ ತಪ್ಪಿಲ್ಲ ಸಾಹೇಬ್ರೆ, ಗಿರಾಕಿ ಬ್ಯಾರೆ" ಅಂದರು. ಸಾಹೇಬರು ಒಂದು ಮಿರ್ಚಿ ಹೆಚ್ಚಿಗೆ ತಿಂದು ಸಮಾಧಾನಪಟ್ಟರು.

ಅಂದಿನಿಂದ ಆ ಕಿಟಕಿಗೆ ಕಂಬಳಿ ಕಟ್ಟಲಿಲ್ಲ. ಶ್ ಅನ್ನುವವರು ಹಿಂದೆ ಸರಿದರು, ಬೈಯುವವರು ಮುಂದೆ ಬಂದರು. ಕಂಬಳಿಯ ಕೆಲಸ ಕಡಿಮೆಯಾದ ನನ್ನ ಕೈಗೂ ಅಜ್ಜಿ ಒಂದು ಹಿಡಿ ಬೆಳ್ಳುಳ್ಳಿ ಹಾಕಿದಳು. ಸಂಜೆ ಹರಿಹರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ಅರಳಿಸಿ, "ಯಾವೂರಾಗೆ ಅಡಿಗಿ ಕೆಲಸ ತಮ್ಮಾ?" ಎಂದು ಕೇಳಿದರು.

"ಸಿನಿಮಾ ನೋಡಿ ಬಂದೆನ್ರಿ" ಅಂದೆ.