ಬರೆದದ್ದನ್ನು ಹಿಂತೆಗೆದುಕೊಂಡ ವೈದ್ಯೆ

"ನಾನು ಬರೆದಿದ್ದರಿಂದ ಯಾವ್ಯಾವ ತಾಯಿಗೆ ಕೆಟ್ಟ ಹೆಸರು ಬಂದಿದೆಯೋ, ಅವರೆಲ್ಲರ ಹತ್ರಾನೂ ನಾನೇ ಹೋಗಿ ತಪ್ಪಾಯ್ತು ಅಂತ ಹೇಳ್ತೀನಿ." ಇಪ್ಪತ್ನಾಲ್ಕು ವರ್ಷಗಳ ಹಿಂದೆ, ಆಸ್ಪತ್ರೆಯ ಹಳೆಯ ಕಡತಗಳ ಕೋಣೆಯಲ್ಲಿ ನಿಂತು ನನಗೆ ಹೀಗೆ ಮಾತು ಕೊಟ್ಟವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮ.

ಆಟಿಸಂ ಎಂಬ ಪದವನ್ನೇ ಕೇಳದಿದ್ದ ಊರಿನಲ್ಲಿ ಅದಕ್ಕೊಂದು ವಿಭಾಗ ಕಟ್ಟಿ, ಎರಡು ತಲೆಮಾರಿನ ಶಿಕ್ಷಕಿಯರನ್ನು ತಯಾರು ಮಾಡಿದ ಅವರ ಸಾಧನೆಯನ್ನು ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ವಿವರಿಸಿದ್ದಾರೆ. ಹೊಲಿಗೆಯಂತ್ರದ ಮುಂದೆ ದಿನ ಕಳೆಯುವ ನನಗೆ ಅಷ್ಟು ದೊಡ್ಡ ಮಾತು ಬಾರದು. ನನಗೆ ಗೊತ್ತಿರುವುದು ಒಂದು ಹಾಳೆಯ ಕಥೆ.

ನಾಲ್ಕು ವರ್ಷವಾದರೂ ನನ್ನ ಮಗಳಿಗೆ ಮಾತು ಬಂದಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಡಾಕ್ಟರಮ್ಮ, ತಾವು ಓದಿದ ಹಳೆಯ ಪುಸ್ತಕಗಳನ್ನು ನಂಬಿ, "ತಾಯಿಯ ಮಮತೆಯ ಕೊರತೆ ಕಾರಣ" ಎಂದು ಬರೆದುಕೊಟ್ಟರು. ಒಂದು ಕಾಲಕ್ಕೆ ಆಟಿಸಂ ಅನ್ನು ಮಕ್ಕಳ ಹುಚ್ಚೆಂದರು, ಆಮೇಲೆ ತಾಯಂದಿರ ತಣ್ಣಗಿನ ಸ್ವಭಾವದ ಫಲವೆಂದರು. ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿ ಬೇರೆ ಎಂಬ ತಿಳಿವಳಿಕೆ ನಮ್ಮ ಆಸ್ಪತ್ರೆಯ ಕಪಾಟಿಗೆ ಬರುವಷ್ಟರಲ್ಲಿ ನಮ್ಮತ್ತೆ ಆ ಚೀಟಿಯನ್ನು ಹನ್ನೊಂದು ವರ್ಷ ನೆಂಟರಿಗೆಲ್ಲ ಓದಿಸಿಯಾಗಿತ್ತು.

ತಪ್ಪು ಮನವರಿಕೆಯಾದಾಗ ಡಾಕ್ಟರಮ್ಮ ನನ್ನೆದುರಲ್ಲೇ ಅಂಥ ಮೂವತ್ತೇಳು ಕಡತಗಳನ್ನು ಹೊರತೆಗೆದರು. ಹಳೆಯ ಹಾಳೆ ಹರಿದುಬಿಡೋಣ ಎಂದ ಗುಮಾಸ್ತರಿಗೆ, "ಹರಿದ್ರೆ ನಾನು ತಪ್ಪೇ ಮಾಡಿಲ್ಲ ಅಂದ ಹಾಗಾಗತ್ತೆ. ಮುಂದೆ ಬರೋ ಡಾಕ್ಟ್ರು ಓದ್ಲಿ" ಎಂದರು. ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಕೆಳಗೆ "ಇದು ನನ್ನ ತಪ್ಪು" ಎಂದು ಬರೆದು ಸಹಿ ಹಾಕಿದರು. ಶನಿವಾರ ಹೊರರೋಗಿಗಳನ್ನು ನೋಡಿ ಮುಗಿಸಿದ ಮೇಲೆ ಒಂದು ಕಡತ ಚೀಲಕ್ಕೆ ಹಾಕಿಕೊಂಡು ಹೊರಡುವರು. ಮೊದಲು ಬಂದದ್ದು ನಮ್ಮ ಮನೆಗೆ.

ಅತ್ತೆ ಬಗ್ಗಲಿಲ್ಲ. "ಅವತ್ತು ಹಾಗಂದ್ರಿ, ಇವತ್ತು ಹೀಗಂತೀರಿ. ನಾಳೆ ಬಂದು ಇನ್ನೇನಂತೀರೋ?"

"ನಾಳೆ ಇದೂ ತಪ್ಪು ಅಂತಾದ್ರೆ ನಾಳೇನೂ ಬರ್ತೀನಮ್ಮ. ನಿಮ್ಮ ಸೊಸೇನ ಮಾತ್ರ ಬಿಟ್ಬಿಡಿ."

"ಹಾಗಾದ್ರೆ ಇಷ್ಟು ವರ್ಷ ನಾನಿವಳಿಗೆ ಅಂದಿದ್ದೆಲ್ಲ?"

"ಅದೂ ನನ್ನ ಲೆಕ್ಕಕ್ಕೇ ಹಾಕ್ಕೊಳ್ಳಿ."

ಅತ್ತೆ ಒಳಗೆ ಹೋಗಿ ಆ ಚೀಟಿ ತಂದು ಅವರ ಕೈಗಿಟ್ಟರು. ನನ್ನ ಮುಖ ನೋಡದೆ, "ಜ್ವರ ಬಂದಾಗೆಲ್ಲ ಇವಳು ಆ ಮಗೂನ ಹೆಗಲಿಂದ ಇಳಿಸಿದ್ದೇ ಇಲ್ಲ. ನಾನೇ ನೋಡಿದೀನಿ" ಎಂದರು. ಆ ಮನೆಯಲ್ಲಿ ನಾನು ತಲೆಯೆತ್ತಿ ನಡೆದದ್ದು ಅಂದಿನಿಂದ.

ವಿಳಾಸ ಬದಲಿಸಿದವರನ್ನು ಹುಡುಕಿ ಹೋಗಲು ಅವರಿಗೆ ವರ್ಷಗಳೇ ಹಿಡಿದವು. ತಾವು ಬರೆದದ್ದನ್ನು ತಾವೇ ಸುಳ್ಳೆಂದು ಮನೆಮನೆಗೆ ಹೋಗಿ ಹೇಳಿಬಂದ ವೈದ್ಯರ ರೋಗಿ ನಮ್ಮ ಮಗಳು ಎಂದು ಹೇಳಿಕೊಳ್ಳುವುದು ನನಗೆ ಹೆಮ್ಮೆ. ಅವರು ನೂರು ಕಾಲ ಬಾಳಲಿ, ಹೊಸ ವೈದ್ಯರಿಗೆ ಆ ಗೆರೆ ಎಳೆದ ಹಾಳೆಗಳನ್ನು ತೋರಿಸುತ್ತಲೇ ಇರಲಿ.

ಈ ಲೇಖನ ಓದಿ ಕೇಳಿಸಿದಾಗ, ಕೊನೆಯ ಸಂಗತಿಯನ್ನೂ ಬರೆಯಲೇಬೇಕೆಂದು ಅವರು ಹಟ ಹಿಡಿದರು. ಮೂವತ್ತಾರು ತಾಯಂದಿರಿಗೆ ಅವರು ಹೇಳಿ ಮುಗಿಸಿದರು. ಮೂವತ್ತೇಳನೆಯವರು, ಇವರು ಬಾಗಿಲು ತಟ್ಟುವ ಎರಡು ತಿಂಗಳ ಮೊದಲೇ ತೀರಿಕೊಂಡಿದ್ದರು. ಕೊಟ್ಟ ಮಾತು ಪೂರ್ತಿ ನಡೆಯಲಿಲ್ಲ.